ಕಡಲಿನಲ್ಲಿ ಯಾರ ಪಾಲು ಎಲ್ಲಿಯವರೆಗೆ?

ಜೊಯಿಡಾ ತಾಲ್ಲೂಕಿಗೆ ಕಡಲ ದಂಡೆಯಿಲ್ಲ. ಆದರೆ ಅಲ್ಲಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಸೂಪಾ, ಕದ್ರಾ ಅಣೆಕಟ್ಟುಗಳನ್ನು ದಾಟಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ನದಿಯ ಮೇಲ್ಗಡೆ ಜಲಾಶಯಕ್ಕಾಗಿ ಸೂಪಾ ಪೇಟೆಯೇ ಮುಳುಗಿತು. ಜನ ರಾಮನಗರದ ಕಡೆಗೆ ಗಂಟುಮೂಟೆ ಕಟ್ಟಿದರು. ಕೆಳಗಡೆ, ಅಳಿವೆಯ ಆಚೀಚೆ, ಬೇಲಿ ಹಾಕಲು ಬಾರದ ನೀರಿಗಾಗಿ ಸುಮಾರು ಐವತ್ತು ವರ್ಷಗಳಿಂದ ತಕರಾರು ನಡೆದಿದೆ.

ಇದರ ಬೇರು ರಂಪಣಿಯಲ್ಲಿದೆ. ರಂಪಣಿ ಬರಿಯ ಬಲೆಯಲ್ಲ, ಕೂಡಿ ದುಡಿಯುವ ಒಂದು ಏರ್ಪಾಡು. ಹಲವು ಮನೆಗಳವರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸುತ್ತಿದ್ದರು. ಬಂಗಡೆಯೋ ತಾರ್ಲೆಯೋ ಹಿಂಡುಗಟ್ಟಿ ದಡದತ್ತ ಬಂದುದು ಕಂಡೊಡನೆ ದೋಣಿಯವರು ಅರ್ಧಚಂದ್ರಾಕಾರವಾಗಿ ಬಲೆ ಬಿಡುವರು. ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಮಂದಿ ಮರಳ ಮೇಲೆ ನಿಂತು ಎಳೆಯುವರು. ಬಂದ ಮೀನಿನಲ್ಲಿ ಬಲೆಗೂ ಪಾಲು, ದುಡಿದ ಕೈಗೂ ಪಾಲು.

ಈ ಏರ್ಪಾಡಿನ ಬಲವೂ ದೌರ್ಬಲ್ಯವೂ ಒಂದೇ: ಮೀನು ತಾನಾಗಿ ದಡಕ್ಕೆ ಬರಬೇಕು. 1970ರ ದಶಕದ ಉತ್ತರಾರ್ಧದಲ್ಲಿ ಬಂದ ಪರ್ಸೀನ್ ಬೋಟುಗಳು ಹಿಂಡನ್ನು ನಡುನೀರಿನಲ್ಲಿಯೇ ಸುತ್ತುವರಿದು, ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಬರಿಗೈಯಾಯಿತು. ಪರ್ಸೀನಿನವರೆಲ್ಲ ಪರಕೀಯರೇನಲ್ಲ, ರಂಪಣಿ ಎಳೆದವರಲ್ಲಿಯೇ ಕೆಲವರು ಕೂಡಿ ಬೋಟು ಕೊಂಡರು. ಹೀಗಾಗಿ ಇದನ್ನು ಬಡವ-ಬಲ್ಲಿದರ ನೇರ ಜಗಳವೆಂದು ಹೇಳಿ ಮುಗಿಸುವಂತಿಲ್ಲ.

ಸರ್ಕಾರ ಕಂಡುಕೊಂಡ ದಾರಿ ನೀರನ್ನು ಪಟ್ಟಿಗಳಾಗಿ ಹಂಚುವುದು. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಆಧಾರದಲ್ಲಿ ದಡಕ್ಕೆ ಹತ್ತಿರದ ನೀರನ್ನು ನಾಡದೋಣಿಗಳಿಗೆ ಮೀಸಲಿಡಲಾಯಿತು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ರಜೆ. ಆದರೆ ಮೀಸಲು ನೀರಿನ ಗಡಿ ಇರುವುದು ಕಾಗದದ ಮೇಲೆ, ಅಲೆಗಳ ಮೇಲಲ್ಲ. ಅಧಿಕಾರಕ್ಕೂ ಗಡಿಯುಂಟು: 12 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆ ರಾಜ್ಯದ್ದು, ಅದರಾಚೆ 200ರವರೆಗೆ ಕೇಂದ್ರದ್ದು. ಎಲ್‌ಇಡಿ ದೀಪ ಉರಿಸಿ ಮೀನು ಸೆಳೆಯುವುದನ್ನು ಕೇಂದ್ರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಿಷೇಧದ ನಂತರವೂ ದೀಪದ ಬೋಟುಗಳ ಮೇಲಿನ ದೂರುಗಳು ನಿಂತಿಲ್ಲ. ರಾತ್ರಿ ನಡುಗಡಲಿನಲ್ಲಿ ಆ ದೀಪ ಆರಿಸುವವರು ಯಾರು?

ಮೀನುಗಾರರು ತಮ್ಮತಮ್ಮಲ್ಲಿ ಹಂಚಿಕೊಳ್ಳುವಷ್ಟರಲ್ಲಿ ಇತರ ಪಾಲುದಾರರೂ ಬಂದರು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ-ಅಂಕೋಲಾ ನಡುವಿನ ಹಳ್ಳಿಗಳ ಬೇಸಾಯಗಾರರೂ ಮೀನುಗಾರರೂ ಮನೆಮಾರು ಬಿಟ್ಟರು. ಹೊಲ ಹೋದವನಿಗೆ ಎಕರೆಯ ಲೆಕ್ಕದಲ್ಲಿ ಪರಿಹಾರ ಕೊಡಬಹುದು. ಮೀನುಗಾರನ ಬಳಿ ಅವನು ಬಲೆ ಬಿಡುತ್ತಿದ್ದ ನೀರಿಗೆ ಪಹಣಿ ಎಲ್ಲಿದೆ? ಪುನರ್ವಸತಿಯ ಲೆಕ್ಕದಲ್ಲಿ ತಪ್ಪಿಹೋಗುವುದು ಇದೇ.

2020ರ ಜನವರಿಯಲ್ಲಿ ಕಾರವಾರ ಬಂದರಿನ ಎರಡನೇ ಹಂತದ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗಲೂ ಪ್ರಶ್ನೆ ಬರಿಯ ನೀರಿನದಾಗಿರಲಿಲ್ಲ. ಹೊಸ ಅಲೆತಡೆ ಬಂದರೆ ರವೀಂದ್ರನಾಥ ಟಾಗೋರ್ ಕಡಲತೀರ ತಮ್ಮ ಕೈತಪ್ಪುವುದೆಂಬ ಅಂಜಿಕೆ ಅವರದಾಗಿತ್ತು. ದೋಣಿ ಎಳೆದಿಡಲು, ಬಲೆ ಒಣಗಿಸಲು, ಅಳಿದುಳಿದ ರಂಪಣಿ ಎಳೆಯಲು ಮರಳು ಬೇಕೇ ಬೇಕು. ಅದೇ ತಿಂಗಳಲ್ಲಿ ಹೈಕೋರ್ಟು ಕಾಮಗಾರಿಗೆ ತಡೆಯಾಜ್ಞೆ ನೀಡಿತು.