ಕೊಲ್ಲಿ ಮತ್ತು ಅಳಿವೆ

ನದಿಯ ನೀರು ಕಡಲನ್ನು ಸೇರಿತೆಂದರೆ ವ್ಯರ್ಥವಾಯಿತೆಂದು ಬಯಲುಸೀಮೆಯವರಾದ ನಾವು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸರಿ? ಇದನ್ನು ತಿಳಿಯಬೇಕಾದರೆ ಕಡಲಂಚಿನ ರಚನೆಯನ್ನು ಕೊಂಚ ಪರಿಶೀಲಿಸಬೇಕು.

ಉತ್ತರ ಕನ್ನಡದ ತೀರವು ನೇರವಾದ ಗೆರೆಯಲ್ಲ. ಗೋಕರ್ಣದ ಬಳಿ ಬಂಡೆಯ ಭೂಶಿರಗಳು ಕಡಲಿಗೆ ಚಾಚಿಕೊಂಡಿವೆ. ಅವುಗಳ ನಡುವೆ ಬಾಗಿದ ಮರಳುದಂಡೆಗಳಿವೆ. ಗಟ್ಟಿ ಬಂಡೆಯು ಅಲೆಯ ಹೊಡೆತವನ್ನು ತಾಳುವುದು. ಮೆದುವಾದ ನೆಲವು ಬೇಗ ಸವೆಯುವುದು. ಹೀಗೆ ಕೊಲ್ಲಿಗಳು ಹುಟ್ಟುವುವು. ಆಳ ಕಡಿಮೆಯಾದೆಡೆ ಅಲೆಯ ವೇಗವು ತಗ್ಗಿ ಅದರ ಸಾಲು ಬಾಗುವುದು. ಆಗ ಅಲೆಯ ಬಲವು ಭೂಶಿರದ ಮೇಲೆ ಕೂಡಿ, ಕೊಲ್ಲಿಯಲ್ಲಿ ಹರಡಿಹೋಗುವುದು. ಕೊಲ್ಲಿಯಲ್ಲಿ ಮರಳು ನೆಲೆಗೊಳ್ಳುವುದಕ್ಕೂ ದೋಣಿಗಳಿಗೆ ಆಸರೆ ದೊರೆಯುವುದಕ್ಕೂ ಇದೇ ಕಾರಣ.

ಅಳಿವೆಯ ವಿಷಯ ಬೇರೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟವು ಇಂದಿಗಿಂತ ಸುಮಾರು 400 ಅಡಿ ಕೆಳಗಿದ್ದಿತು. ಹಿಮ ಕರಗಿ ಕಡಲು ಏರಿದಾಗ ನದಿಗಳ ಕೆಳಕಣಿವೆಗಳು ಮುಳುಗಿದವು. ಹಾಗೆ ಉಪ್ಪುನೀರೂ ಸಿಹಿನೀರೂ ಕೂಡುವ ಸ್ಥಳಗಳಾದವು.

ಕುಮಟೆಯ ಸಮೀಪದ ಅಘನಾಶಿನಿಯ ಅಳಿವೆಯನ್ನೇ ನೋಡಿ. ದಿನಕ್ಕೆರಡು ಬಾರಿ ಉಬ್ಬರದೊಡನೆ ಕಡಲು ಒಳಗೆ ಬರುವುದು. ಮಳೆಗಾಲದಲ್ಲಿ ನದಿಯು ಉಪ್ಪನ್ನು ಹೊರದೂಡುವುದು. ಬೇಸಗೆಯಲ್ಲಿ ಉಪ್ಪು ಮತ್ತೆ ಮೇಲೇರುವುದು. ಈ ಕ್ರಮಕ್ಕೆ ಹೊಂದಿಕೊಂಡು ಕಾಂಡ್ಲಗಿಡಗಳೂ ಸಿಗಡಿಗಳೂ ಬಳಚು ಎಂಬ ಚಿಪ್ಪುಜೀವಿಯೂ ಬದುಕುವುವು. ಗಜನಿ ಎಂಬ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವರು.

ಈ ಕ್ರಮ ಕೆಟ್ಟರೆ ಏನಾಗುವುದೆಂಬುದನ್ನು ನೆರೆಯ ಶರಾವತಿಯು ತೋರಿಸಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಯಿತು. ವಿದ್ಯುತ್ತನ್ನು ಕೊಟ್ಟ ನೀರು ಬೇಸಗೆಯಲ್ಲಿಯೂ ಕೆಳಗಿಳಿದು ಹೊನ್ನಾವರದ ಅಳಿವೆಯ ಉಪ್ಪನ್ನು ತಗ್ಗಿಸಿತು; ಬಳಚು ಬಹಳ ಕ್ಷೀಣಿಸಿತು; ಅದನ್ನು ಆಯ್ದು ಜೀವಿಸುತ್ತಿದ್ದವರ ಕಸುಬೂ ಕುಗ್ಗಿತು. ನಮ್ಮ ಮನೆಯ ದೀಪದ ಬೆಲೆಯಲ್ಲಿ ಇದೂ ಸೇರಿದೆಯೆಂಬುದನ್ನು ನಾವು ಮರೆಯಬಾರದು.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆಯು ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಹೆಸರು ಬಂದಮಾತ್ರಕ್ಕೆ ಅಳಿವೆ ಉಳಿಯದು. ನದಿಯ ನೀರು ತಕ್ಕ ಕಾಲದಲ್ಲಿ, ತಕ್ಕ ಪ್ರಮಾಣದಲ್ಲಿ ಅಲ್ಲಿಗೆ ತಲಪಬೇಕು. ಹಾಗೆ ತಲಪಿದ ನೀರು ವ್ಯರ್ಥವಾಗುವುದಿಲ್ಲ. ಕಡಲನ್ನು ಸೇರುವ ಮುನ್ನ ಅದು ಸಾವಿರಾರು ಜನರಿಗೆ ಅನ್ನವನ್ನು ಕೊಟ್ಟಿರುವುದು.