ಸೈಕಲ್ ನಿಮ್ಮ ಮೈಗೆ ಹೊಂದಲಿ

ಸಕ್ಕರೆ ಕಾಯಿಲೆಗೋ ತೂಕ ಇಳಿಸಲೋ ಸೈಕಲ್ ಹಿಡಿದವರಲ್ಲಿ ಹಲವರು ಕೆಲವೇ ವಾರಗಳಲ್ಲಿ ಅದನ್ನು ಮೂಲೆಗಿಡುತ್ತಾರೆ. ಮೊಣಕಾಲು ನೋವು, ಬೆರಳುಗಳ ಜೋಮು, ಕೂರುವ ಜಾಗದಲ್ಲಿ ಉರಿ ಇವೇ ಕಾರಣ. ‘ಇನ್ನು ಇದು ನಮಗಾಗದು’ ಎಂದು ನೀವೂ ಅಂದುಕೊಂಡಿದ್ದೀರಾ? ಒಮ್ಮೆ ಸೈಕಲ್ ನಿಮ್ಮ ಅಳತೆಗೆ ಹೊಂದಿದೆಯೇ ಎಂದು ನೋಡಿ. ಹೊಸ ಸೈಕಲ್ ಬೇಕಿಲ್ಲ. ಒಂದೆರಡು ಭಾಗ ಸರಿಪಡಿಸಿದರೆ ಅಥವಾ ಬದಲಿಸಿದರೆ ಸಾಕಾಗಬಹುದು.

ಮೊದಲು ಸೀಟಿನ ಎತ್ತರ

ಇದಕ್ಕೆ ಖರ್ಚಿಲ್ಲ, ಸ್ಪ್ಯಾನರ್ ಸಾಕು. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಿರಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮೊಣಕಾಲು ತುಸು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗ, ಹೆಚ್ಚು ಎತ್ತರವಾದರೆ ಹಿಂಭಾಗ ನೋಯುವುದು ಸಾಮಾನ್ಯ. ಸೀಟಿನ ಕೊಳವೆಯ ಮೇಲೆ ಗುರುತಿದ್ದರೆ ಅದು ಹೊರಗೆ ಕಾಣುವಷ್ಟು ಮೇಲೆತ್ತಬೇಡಿ, ಕೊಳವೆ ಮುರಿಯಬಹುದು.

ಮೆತ್ತಗಿನ ಸೀಟೇ ಒಳ್ಳೆಯದೇ?

ಅಲ್ಲ. ದೇಹದ ಭಾರವನ್ನು ಹೊರಬೇಕಾದದ್ದು ಪೃಷ್ಠದ ಎರಡು ಎಲುಬುಗಳು. ದಪ್ಪ ಸ್ಪಂಜಿನ ಸೀಟಿನಲ್ಲಿ ಎಲುಬುಗಳು ಹುದುಗಿ, ನಡುವಿನ ಮೃದು ಭಾಗದ ಮೇಲೆ ಒತ್ತಡ ಬೀಳುತ್ತದೆ. ಅಲ್ಲಿನ ನರ ಮತ್ತು ರಕ್ತನಾಳಗಳು ಒತ್ತಿಹೋಗಿ ಜೋಮು ಹಿಡಿಯುತ್ತದೆ. ಆದ್ದರಿಂದ ಎಲುಬುಗಳ ಅಗಲಕ್ಕೆ ಹೊಂದುವ, ಸಾಧಾರಣ ಗಟ್ಟಿಯ, ನಡುವೆ ತೆರಪಿರುವ ಸೀಟು ಆರಿಸಿ. ಮಹಿಳೆಯರಿಗೆ ಸಾಮಾನ್ಯವಾಗಿ ಸ್ವಲ್ಪ ಅಗಲದ ಸೀಟು ಹಿತ. ಮೂತಿ ಮೇಲಕ್ಕೆ ನೆಗೆಯದೆ ಸೀಟು ಸಮತಟ್ಟಾಗಿರಲಿ. ಬೆವರಿದ ಬಟ್ಟೆಯನ್ನು ಕೂಡಲೇ ಬದಲಿಸಿ. ಒದ್ದೆ ಮತ್ತು ಉಜ್ಜುವಿಕೆ ಸೇರಿದರೆ ಗುಳ್ಳೆಗಳೇಳುತ್ತವೆ.

ಹ್ಯಾಂಡಲ್ ಮತ್ತು ಹಿಡಿ

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯಲ್ಲಿ ನರ ಒತ್ತಿಹೋಗುತ್ತಿರಬಹುದು. ಹ್ಯಾಂಡಲನ್ನು ಸೀಟಿನ ಮಟ್ಟಕ್ಕೋ ಅದಕ್ಕಿಂತ ತುಸು ಮೇಲಕ್ಕೋ ತಂದರೆ ಕೈಯ ಮೇಲಿನ ಭಾರ ಇಳಿಯುತ್ತದೆ, ಸೊಂಟಕ್ಕೂ ಆರಾಮ. ಅಂಗೈಗೆ ಆನಿಕೆ ಕೊಡುವ ಅಗಲವಾದ ರಬ್ಬರ್ ಹಿಡಿಗಳೂ ಸಿಗುತ್ತವೆ.

ಟಯರ್, ಹಲ್ಲುಚಕ್ರ

ಹೊಂಡದ ರಸ್ತೆಯಾದರೆ ಅಗಲವಾದ ಟಯರ್ ಕುಲುಕಾಟ ತಗ್ಗಿಸುತ್ತದೆ. ಕೊಳ್ಳುವ ಮೊದಲು ಹಳೆಯ ಟಯರಿನ ಬದಿಯ ಸಂಖ್ಯೆ ನೋಡಿ. 37-622 ಎಂದಿದ್ದರೆ ಅಗಲ 37 ಮಿ.ಮೀ., ರಿಮ್‌ನ ವ್ಯಾಸ 622 ಮಿ.ಮೀ. ಎರಡನೆಯ ಸಂಖ್ಯೆ ಬದಲಾಗುವಂತಿಲ್ಲ. ಅಗಲ ಹೆಚ್ಚಿಸುವಾಗ ಬ್ರೇಕಿಗೂ ಮಡ್‌ಗಾರ್ಡಿಗೂ ತಾಗದಂತೆ ನೋಡಿಕೊಳ್ಳಿ. ಗಾಳಿಯ ಮಿತಿಯೂ ಟಯರಿನ ಮೇಲೆಯೇ ಬರೆದಿರುತ್ತದೆ.

ಗೇರಿಲ್ಲದ ಸೈಕಲಿನಲ್ಲಿ ಏರು ಹತ್ತುವಾಗ ಮೊಣಕಾಲು ನೋಯುವವರು ಹಿಂದಿನ ಫ್ರೀವೀಲ್ ಬದಲಿಸಬಹುದು. ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಒಂದು ತುಳಿತಕ್ಕೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಹಿಂದೆ 22 ಹಲ್ಲಿನದು ಹಾಕಿದರೆ ಎರಡೇ ಸುತ್ತು. ವೇಗ ಕಡಿಮೆಯಾದರೂ ತುಳಿತ ಹಗುರ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು.

ಬುರ್ಖಾ, ಸೀರೆ, ಲುಂಗಿ ಉಡುವವರು ಪೂರ್ತಿ ಮುಚ್ಚುವ ಚೈನ್ ಕವರ್ ಮತ್ತು ಹಿಂದಿನ ಚಕ್ರಕ್ಕೆ ಜಾಲರಿ ಹಾಕಿಸಿಕೊಳ್ಳಲೇಬೇಕು. ಬಟ್ಟೆ ಸಿಕ್ಕಿಕೊಂಡರೆ ಬೀಳುವುದು ಕ್ಷಣದ ಮಾತು.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಒಂದನ್ನು ಬದಲಿಸಿ, ಒಂದು ವಾರ ಓಡಿಸಿ ನೋಡಿ. ಯಾವುದರಿಂದ ಗುಣವಾಯಿತೆಂದು ಆಗ ತಿಳಿಯುತ್ತದೆ. ಸೈಕಲಿನಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ, ಮೊಣಕಾಲು ಊದಿಕೊಂಡರೆ ಸವಾರಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.