ನಿಮಗಿದು ಗೊತ್ತೆ? ಎಲಚಿಯ ಗುಡ್ಡಕ್ಕೆ ಬಂದ ಹೊಸ ನೆಂಟರು

ಹಿಂದೂಪುರ, ಕಲ್ಯಾಣದುರ್ಗದ ಕಡೆ ಭೋಗಿಯಂದು ಮಕ್ಕಳ ತಲೆ ಮೇಲೆ ಸುರಿಯುವ ಹಣ್ಣು ತೆಲುಗರಿಗೆ ರೇಗು, ಕನ್ನಡಿಗರಿಗೆ ಎಲಚಿ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಎಲಚಿಗೆ ಕವಳಿ, ಕಾರೆ ಜೊತೆಗಾರರು. ಕವಳಿ ಕಿತ್ತವರಿಗೆ ಗೊತ್ತು: ತೊಟ್ಟಿನ ಬಿಳಿ ಹಾಲು ಬೆರಳಿಗೆ ಅಂಟಿದರೆ ಸುಲಭಕ್ಕೆ ಬಿಡದು.

ಇಂಥ ಕುರುಚಲಿಗೆ ಹೊರಗಿನಿಂದ ಬಂದ ಗಿಡಗಳಲ್ಲಿ ಎರಡು ಇವು. ಬಳ್ಳಾರಿ ಜಾಲಿ (ಹೆಸರಷ್ಟೇ ಬಳ್ಳಾರಿಯದು, ತವರು ಅಮೆರಿಕ ಖಂಡ) 1877ರ ಸುಮಾರಿಗೆ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತನೆಯಾಯಿತು. ಮೇಕೆ ಅದರ ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಊರೂರಿಗೆ ಹಂಚಿತು. ಇನ್ನೊಂದು ಲಂಟಾನ, 1809ರಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು. ತಮಾಷೆಯೆಂದರೆ ಅದೂ ಹಣ್ಣಿನ ಪೊದೆಯೇ. ಪುಟ್ಟ ಕಪ್ಪು ಹಣ್ಣನ್ನು ಪಿಕಳಾರ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹೊಸ ಪೊದೆ ಏಳುತ್ತದೆ, ನಮ್ಮ ಗಿಡಗಳ ಸಸಿಗಳಿಗೆ ಬಿಸಿಲೇ ಬೀಳದಂತೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಹರಡಿದ್ದನ್ನು ಅಳೆದಿದ್ದಾರೆ. ಅಧ್ಯಯನದ ತಾಕುಗಳಲ್ಲಿ 1997ರಲ್ಲಿ ಶೇ. 41ರಲ್ಲಿ ಕಂಡ ಲಂಟಾನ 2008ಕ್ಕೆ ಶೇ. 81ರಲ್ಲಿ ಕಂಡಿತು.

ಕಾಡಿನ ಹಣ್ಣಿನ ಗಿಡಗಳಿಗೆ ಕುತ್ತು ಇಲ್ಲಷ್ಟೇ ಅಲ್ಲ; ದೂರದ ಫಿನ್‌ಲ್ಯಾಂಡಿನಲ್ಲೂ ಬಿಲ್‌ಬೆರಿ ಎಂಬ ಕಾಡುಹಣ್ಣಿನ ಪೊದೆಗಳ ಹರವು 1950ರ ದಶಕದಿಂದೀಚೆಗೆ ಸುಮಾರು ಅರ್ಧಕ್ಕೆ ಇಳಿದಿದೆ. ಅಲ್ಲಿ ದೂರು ಕಳೆಗಿಡದ ಮೇಲಲ್ಲ, ಕಾಡನ್ನು ಬೋಳಾಗಿ ಕಡಿದ ಕೊಡಲಿಯ ಮೇಲೆ.